ಸರ್ವರ್‌ಗೆ ಪ್ಯಾಕೇಜ್ ಹಾಕುವುದು, ತೆಗೆಯುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಡೆಬಿಯನ್ ಅಥವಾ ಉಬುಂಟು ಎಂಬ ಲಿನಕ್ಸ್ ವ್ಯವಸ್ಥೆ ಓಡುತ್ತಿರುವ ಸರ್ವರನ್ನು ಕಮಾಂಡ್ ಲೈನಿನಿಂದ ನೋಡಿಕೊಳ್ಳುವವರಿಗಾಗಿ ಬರೆದ ಪುಟ ಇದು. ತಂತ್ರಾಂಶವನ್ನು, ಅಂದರೆ ಅದರ ಕಡತಗಳ ಕಟ್ಟಾದ ಪ್ಯಾಕೇಜನ್ನು, ಹಾಕುವುದು ಹೇಗೆಂದು ಹೇಳುವ ಬರಹಗಳು ಬೇಕಾದಷ್ಟು ಸಿಗುತ್ತವೆ. ತೆಗೆಯುವುದು ಹೇಗೆಂದು ಹೇಳುವವರು ಕಡಿಮೆ, ಆದರೆ ಡೇಟಾ ಕೈತಪ್ಪಿ ಹೋಗುವುದು ತೆಗೆಯುವಾಗಲೇ ಹೆಚ್ಚು. ಹಾಗಾಗಿ ಆ ಭಾಗಕ್ಕೆ ಇಲ್ಲಿ ಹೆಚ್ಚು ಜಾಗ ಕೊಟ್ಟಿದ್ದೇನೆ. ಕಮಾಂಡ್‌ಗಳನ್ನು ಬಾಯಲ್ಲಿ ಹೇಳುವ ಹಾಗೆ ಕನ್ನಡ ಲಿಪಿಯಲ್ಲಿ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಅವುಗಳನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಬೇಕು. ವ್ಯವಸ್ಥೆಯನ್ನು ಬದಲಿಸುವ ಪ್ರತಿ ಕಮಾಂಡಿನ ಮುಂದೆಯೂ ‘ಸುಡೊ’ (ನಿರ್ವಾಹಕರ ಅಧಿಕಾರದಲ್ಲಿ ಓಡಿಸು ಎಂಬ ಕಮಾಂಡ್) ಇದೆ ಎಂದು ತಿಳಿಯಿರಿ.

ಆಪ್ಟ್, ಆಪ್ಟ್-ಗೆಟ್, ಡಿಪಿಕೆಜಿ: ಇವುಗಳಲ್ಲಿ ಯಾವುದನ್ನು ಬಳಸಬೇಕು?

ಕೈಯಿಂದ ಟೈಪ್ ಮಾಡುವಾಗ ‘ಆಪ್ಟ್’. ಸ್ಕ್ರಿಪ್ಟ್ ಬರೆಯುವಾಗ ‘ಆಪ್ಟ್-ಗೆಟ್’. ‘ಡಿಪಿಕೆಜಿ’ಯನ್ನು ಹೆಚ್ಚಾಗಿ ವಿಚಾರಿಸಲು ಮಾತ್ರ.

ಡಿಪಿಕೆಜಿ ಈ ವ್ಯವಸ್ಥೆಯ ತಳಪಾಯ. ಒಂದು ಪ್ಯಾಕೇಜ್ ಕಡತವನ್ನು ಬಿಚ್ಚಿ ಅದರೊಳಗಿರುವುದನ್ನು ಸರಿಯಾದ ಜಾಗದಲ್ಲಿಟ್ಟು, ಯಾವ ಕಡತ ಯಾವ ಪ್ಯಾಕೇಜಿಗೆ ಸೇರಿದ್ದು ಎಂಬುದನ್ನು ಅದು ದಿನಸಿ ಅಂಗಡಿಯ ಲೆಕ್ಕದ ಪುಸ್ತಕದಂತೆ ಬರೆದಿಟ್ಟುಕೊಳ್ಳುತ್ತದೆ. ಬೇಕಾದ ಇತರ ಪ್ಯಾಕೇಜ್‌ಗಳನ್ನು ಅಂತರ್ಜಾಲದಿಂದ ತರುವ ಕೆಲಸ ಅದರದ್ದಲ್ಲ, ಅದನ್ನು ಆಪ್ಟ್ ಮಾಡುತ್ತದೆ. ಡೆಬಿಯನ್ ಯೋಜನೆ 1993ರಲ್ಲಿ ಇಯಾನ್ ಮರ್ಡಾಕ್ ಅವರಿಂದ ಆರಂಭವಾಯಿತು. ಆಪ್ಟ್ ಅದರೊಳಗೆ ಬಂದದ್ದು ತೊಂಬತ್ತರ ದಶಕದ ಕೊನೆಯಲ್ಲಿ. ನಾವು ಈಗ ಬಳಸುವ ‘ಆಪ್ಟ್’ ಎಂಬ ಚಿಕ್ಕ ಕಮಾಂಡ್ 2014ರದ್ದು. ಅದು ಮನುಷ್ಯರು ಓದಲೆಂದೇ ರೂಪುಗೊಂಡದ್ದು, ಅದರ ತೋರಿಕೆ ಆವೃತ್ತಿಯಿಂದ ಆವೃತ್ತಿಗೆ ಬದಲಾಗುತ್ತದೆ. ಸ್ಕ್ರಿಪ್ಟ್‌ಗೆ ಆಪ್ಟ್-ಗೆಟ್ ಒಳ್ಳೆಯದು ಎನ್ನುವುದು ಅದಕ್ಕೇ.

‘ಅಪ್‌ಡೇಟ್’ ಮತ್ತು ‘ಅಪ್‌ಗ್ರೇಡ್’ ಒಂದೇ ಅಲ್ಲವೇ?

ಅಲ್ಲ. ‘ಆಪ್ಟ್ ಅಪ್‌ಡೇಟ್’ ಯಾವ ತಂತ್ರಾಂಶವನ್ನೂ ಮುಟ್ಟುವುದಿಲ್ಲ, ರೆಪೊಸಿಟರಿಯಲ್ಲಿ (ಪ್ಯಾಕೇಜ್‌ಗಳ ಅಂತರ್ಜಾಲ ಸಂಗ್ರಹದಲ್ಲಿ) ಏನೇನಿದೆ ಎಂಬ ಪಟ್ಟಿಯನ್ನು ಮಾತ್ರ ಹೊಸದಾಗಿ ತರುತ್ತದೆ. ಆ ಪಟ್ಟಿ ನೋಡಿ ಹಳೆಯದನ್ನು ಹೊಸದಾಗಿಸುವುದು ‘ಆಪ್ಟ್ ಅಪ್‌ಗ್ರೇಡ್’. ಪ್ಯಾಕೇಜ್ ಹಾಕಲು ಹೋದಾಗ 404 ಎಂಬ ದೋಷ ಬಂದರೆ ನಿಮ್ಮ ಪಟ್ಟಿ ಹಳೆಯದಾಗಿದೆ, ಅದು ಹೇಳುವ ಕಡತ ಈಗ ಅಲ್ಲಿಲ್ಲ. ಹೆಚ್ಚಿನ ಸಲ ಅಪ್‌ಡೇಟ್ ಮಾಡಿದರೆ ಸಾಕು.

ಅಪ್‌ಗ್ರೇಡ್ ಈಗಿರುವ ಯಾವ ಪ್ಯಾಕೇಜನ್ನೂ ತೆಗೆದುಹಾಕುವುದಿಲ್ಲ. ತೆಗೆದೇ ಮುಂದುವರಿಯಬೇಕಾದ ಸಂದರ್ಭಕ್ಕೆ ‘ಆಪ್ಟ್ ಫುಲ್-ಅಪ್‌ಗ್ರೇಡ್’ ಇದೆ. ಅದನ್ನು ಕೊಟ್ಟಾಗ ತೆಗೆಯಲಾಗುವ ಪ್ಯಾಕೇಜ್‌ಗಳ ಸಾಲನ್ನು ಓದದೆ ವೈ ಒತ್ತಬೇಡಿ.

ಪ್ಯಾಕೇಜಿನ ಸರಿಯಾದ ಹೆಸರು ಗೊತ್ತಿಲ್ಲದಿದ್ದರೆ?

‘ಆಪ್ಟ್ ಸರ್ಚ್’ ಜೊತೆಗೆ ಒಂದು ಪದ ಕೊಡಿ. ಹೆಸರು ಸಿಕ್ಕ ಮೇಲೆ ‘ಆಪ್ಟ್ ಶೋ’ ವಿವರ ಹೇಳುತ್ತದೆ. ‘ಆಪ್ಟ್ ಪಾಲಿಸಿ’ ಈಗ ಯಾವ ಆವೃತ್ತಿ ಇದೆ, ಯಾವುದು ಬರಲಿದೆ, ಅದು ಯಾವ ರೆಪೊಸಿಟರಿಯಿಂದ ಬರುತ್ತದೆ ಎಂದು ತೋರಿಸುತ್ತದೆ. ನನ್ನ ಅಭಿಪ್ರಾಯದಲ್ಲಿ ಎಲ್ಲಕ್ಕಿಂತ ಕಡಿಮೆ ಬಳಕೆಯಾಗುವ, ಎಲ್ಲಕ್ಕಿಂತ ಉಪಯುಕ್ತವಾದ ಕಮಾಂಡ್ ಇದು. ಈಗಾಗಲೇ ಇರುವ ಒಂದು ಕಡತ ಯಾವ ಪ್ಯಾಕೇಜಿನದ್ದು ಎಂದು ತಿಳಿಯಲು ‘ಡಿಪಿಕೆಜಿ’ಗೆ ದೊಡ್ಡ ಎಸ್ ಆಯ್ಕೆ ಕೊಟ್ಟು ಕಡತದ ಪೂರ್ಣ ಹಾದಿ ಬರೆಯಿರಿ. ಒಂದು ಪ್ಯಾಕೇಜ್ ಏನೇನು ಕಡತ ತಂದಿದೆ ಎಂದು ತಿಳಿಯಲು ದೊಡ್ಡ ಎಲ್.

ಪ್ಯಾಕೇಜ್ ಹಾಕಿದ ಕೂಡಲೇ ಸರ್ವಿಸ್ ತಾನಾಗಿ ಶುರುವಾಯಿತು. ಇದು ಸರಿಯೇ?

ಡೆಬಿಯನ್ ಪದ್ಧತಿಯೇ ಹಾಗೆ. ಎನ್‌ಜಿನ್‌ಎಕ್ಸ್ ಎಂಬ ವೆಬ್ ಸರ್ವರ್ ಹಾಕಿದರೆ ಮರುಕ್ಷಣ ಅದು 80ನೇ ಪೋರ್ಟಿನಲ್ಲಿ ಉತ್ತರಿಸಲು ಆರಂಭಿಸುತ್ತದೆ. ಸರ್ವರ್ ಪುನರಾರಂಭವಾದಾಗಲೂ ಏಳುತ್ತದೆ. ಅನುಕೂಲವಾದ ಪದ್ಧತಿಯೇ, ಆದರೆ ಸಾರ್ವಜನಿಕ ಐಪಿ ಇರುವ ಯಂತ್ರದಲ್ಲಿ ನೀವು ಇನ್ನೂ ಸಂರಚನೆ (ಕಾನ್ಫಿಗರ್) ಮಾಡದ ತಂತ್ರಾಂಶ ಜಗತ್ತಿಗೆ ಕಾಣಿಸಿಕೊಳ್ಳಬಹುದು. ಫೈರ್‌ವಾಲ್ ಮೊದಲು, ಪ್ಯಾಕೇಜ್ ಆಮೇಲೆ. ಯಾವ ಪೋರ್ಟಿನಲ್ಲಿ ಯಾರು ಕುಳಿತಿದ್ದಾರೆ ಎಂದು ತಿಳಿಯಲು ‘ಎಸ್‌ಎಸ್ -ಎಲ್‌ಟಿಎನ್‌ಪಿ’ ಕೊಡಿ.

ತಂತ್ರಾಂಶ ಇರಲಿ, ಆದರೆ ಓಡಬಾರದು ಎಂದಾದರೆ ಪ್ಯಾಕೇಜ್ ತೆಗೆಯುವ ಅಗತ್ಯವೇ ಇಲ್ಲ. ‘ಸಿಸ್ಟಮ್‌ಸಿಟಿಎಲ್ ಡಿಸೇಬಲ್ --ನೌ’ ಜೊತೆಗೆ ಸರ್ವಿಸಿನ ಹೆಸರು ಕೊಟ್ಟರೆ ಈಗಲೂ ನಿಲ್ಲುತ್ತದೆ, ಮುಂದಿನ ಬೂಟ್‌ನಲ್ಲೂ ಏಳುವುದಿಲ್ಲ. ಬೇರೊಂದು ಸರ್ವಿಸ್ ಕೂಡ ಅದನ್ನು ಎಬ್ಬಿಸಬಾರದು ಎಂದಿದ್ದರೆ ‘ಮಾಸ್ಕ್’ ಮಾಡಿ. ತೆಗೆಯಬೇಕೋ ಬೇಡವೋ ಎಂದು ಅನುಮಾನ ಇರುವಾಗ ಮೊದಲು ಹೀಗೆ ನಿಲ್ಲಿಸಿ, ಒಂದು ವಾರ ಯಾರೂ ದೂರದಿದ್ದರೆ ಆಮೇಲೆ ತೆಗೆಯಿರಿ.

ನಾನು ಹಾಕಿದ್ದು ಪಿಎಚ್‌ಪಿ ಮಾತ್ರ. ಅಪಾಚೆ ಏಕೆ ಬಂತು?

ಎನ್‌ಜಿನ್‌ಎಕ್ಸ್ ಬಳಸುವವರು ಅನೇಕರು ಎಡವುವ ಜಾಗ ಇದು, ಕಾರಣ ಗೊತ್ತಾದರೆ ಅವಲಂಬನೆಗಳು (ಒಂದು ಪ್ಯಾಕೇಜಿಗೆ ಬೇಕಾಗುವ ಇತರ ಪ್ಯಾಕೇಜ್‌ಗಳು) ಹೇಗೆ ಕೆಲಸ ಮಾಡುತ್ತವೆ ಎಂಬುದೂ ಅರ್ಥವಾಗುತ್ತದೆ.

ಪಿಎಚ್‌ಪಿ ಜಾಲತಾಣಗಳನ್ನು ಬರೆಯುವ ಭಾಷೆ, ಅಪಾಚೆ ಎನ್‌ಜಿನ್‌ಎಕ್ಸ್‌ನಂತೆ ಇನ್ನೊಂದು ವೆಬ್ ಸರ್ವರ್. ‘ಪಿಎಚ್‌ಪಿ’ ಎಂಬ ಪ್ಯಾಕೇಜಿನಲ್ಲಿ ಹೆಚ್ಚೇನೂ ಇಲ್ಲ. ಅದು ಆ ಬಿಡುಗಡೆಯ ಪಿಎಚ್‌ಪಿ ಆವೃತ್ತಿಯನ್ನು ಕರೆಯುತ್ತದೆ. ಡೆಬಿಯನ್ 12ರಲ್ಲಿ ಅದು 8.2, ಉಬುಂಟು 24.04ರಲ್ಲಿ 8.3. ಆ ಪ್ಯಾಕೇಜ್ ತನಗೆ ಮೂರರಲ್ಲಿ ಒಂದು ಬೇಕೆಂದು ಹೇಳುತ್ತದೆ: ಅಪಾಚೆಯೊಳಗೆ ಕೂರುವ ಮಾಡ್ಯೂಲ್, ಅಥವಾ ಎಫ್‌ಪಿಎಂ, ಅಥವಾ ಸಿಜಿಐ (ಇವೆರಡು ಪಿಎಚ್‌ಪಿಯನ್ನು ವೆಬ್ ಸರ್ವರಿನ ಹೊರಗೆ ಓಡಿಸುವ ವಿಧಾನಗಳು). ಮೂರೂ ನಿಮ್ಮಲ್ಲಿ ಇಲ್ಲದಿದ್ದರೆ ಆಪ್ಟ್ ಮೊದಲನೆಯದನ್ನು ಆರಿಸುತ್ತದೆ. ಅಪಾಚೆ ಮಾಡ್ಯೂಲಿಗೆ ಅಪಾಚೆಯೇ ಬೇಕು. ಹೀಗೆ ಒಂದರ ಹಿಂದೆ ಒಂದು ಬಂದು ಇಡೀ ಅಪಾಚೆ ಸರ್ವರ್ ಯಂತ್ರದೊಳಗೆ ಕೂರುತ್ತದೆ.

ಎನ್‌ಜಿನ್‌ಎಕ್ಸ್ ಆಗಲೇ 80ನೇ ಪೋರ್ಟ್ ಹಿಡಿದಿರುವುದರಿಂದ ಆ ದಿನ ಅಪಾಚೆ ಶುರುವಾಗುವುದಿಲ್ಲ, ನಿಮಗೆ ವ್ಯತ್ಯಾಸವೂ ಕಾಣುವುದಿಲ್ಲ. ಆದರೆ ಮುಂದೊಂದು ದಿನ ಸರ್ವರ್ ಪುನರಾರಂಭವಾದಾಗ ಅಪಾಚೆ ಮೊದಲು ಎದ್ದು ಪೋರ್ಟ್ ಹಿಡಿದರೆ, ನಿಮ್ಮ ಜಾಲತಾಣದ ಬದಲು ಅಪಾಚೆಯ ಸ್ವಾಗತ ಪುಟ ಕಾಣಿಸುತ್ತದೆ. ಪಿಎಚ್‌ಪಿ ಹಾಕಿ ಆಗಲೇ ತಿಂಗಳುಗಳು ಕಳೆದಿರುತ್ತವೆ, ಎರಡಕ್ಕೂ ಸಂಬಂಧವಿದೆ ಎಂದು ಯಾರಿಗೂ ಹೊಳೆಯುವುದಿಲ್ಲ.

ಪರಿಹಾರ ಸುಲಭ: ‘ಪಿಎಚ್‌ಪಿ’ ಎಂದು ಕೇಳದೆ ನೇರವಾಗಿ ‘ಪಿಎಚ್‌ಪಿ-ಎಫ್‌ಪಿಎಂ’ ಎಂದು ಕೇಳಿ. ಅಪಾಚೆ ಈಗಾಗಲೇ ಬಂದಿದ್ದರೆ ಎಫ್‌ಪಿಎಂ ಹಾಕಿದ ಮೇಲೆ ಅಪಾಚೆ ಮತ್ತು ಅದರ ಪಿಎಚ್‌ಪಿ ಮಾಡ್ಯೂಲ್ ತೆಗೆಯಿರಿ. ಆ ಕ್ರಮ ಮುಖ್ಯ. ಎಫ್‌ಪಿಎಂ ಇಲ್ಲದೆ ಮಾಡ್ಯೂಲ್ ತೆಗೆಯಲು ಹೋದರೆ ಪಿಎಚ್‌ಪಿ ಕೂಡ ಅದರ ಜೊತೆ ಹೊರಡಬಹುದು, ಇಲ್ಲವೇ ಮೂರನೆಯದಾದ ಸಿಜಿಐ ಒಳಬರಬಹುದು.

ರೆಪೊಸಿಟರಿಯಲ್ಲಿರುವ ಆವೃತ್ತಿ ತೀರಾ ಹಳೆಯದು. ಭದ್ರತೆಯ ಗತಿ?

ಆವೃತ್ತಿ ಸಂಖ್ಯೆ ಹಳೆಯದಿದ್ದರೆ ಭದ್ರತಾ ದೋಷ ಹಾಗೆಯೇ ಉಳಿದಿದೆ ಎಂದಲ್ಲ. ಡೆಬಿಯನ್ ಸ್ಥಿರ ಬಿಡುಗಡೆ ಮತ್ತು ಉಬುಂಟು ಎಲ್‌ಟಿಎಸ್‌ನಲ್ಲಿ (ದೀರ್ಘಕಾಲ ಬೆಂಬಲವಿರುವ ಬಿಡುಗಡೆಯಲ್ಲಿ) ಆವೃತ್ತಿಯನ್ನು ನಿಲ್ಲಿಸಿಟ್ಟು, ಭದ್ರತೆಯ ತಿದ್ದುಪಡಿಯನ್ನು ಮಾತ್ರ ಹಿಂದಕ್ಕೆ ತಂದು ಸೇರಿಸುತ್ತಾರೆ. 2014ರ ಏಪ್ರಿಲ್‌ನಲ್ಲಿ ಓಪನ್‌ಎಸ್‌ಎಸ್‌ಎಲ್ ಎಂಬ ಗೂಢಲಿಪಿ ಲೈಬ್ರರಿಯ ಹಾರ್ಟ್‌ಬ್ಲೀಡ್ ದೋಷ ಬಯಲಾದಾಗ ಡೆಬಿಯನ್ 7ರಲ್ಲಿ 1.0.1ಇ ಎಂಬ ಸಂಖ್ಯೆ ಹಾಗೆಯೇ ಉಳಿಯಿತು. ಬದಲಾದದ್ದು ಅದರ ಬಾಲದಲ್ಲಿರುವ ಡೆಬಿಯನ್ ಪರಿಷ್ಕರಣೆಯ ಗುರುತು ಮಾತ್ರ. ಸಂಖ್ಯೆ ನೋಡಿ ‘ಇನ್ನೂ ಅಪಾಯದಲ್ಲಿದೆ’ ಎಂದು ವರದಿ ಕೊಡುವ ಸ್ಕ್ಯಾನರ್‌ಗಳು ಇವತ್ತಿಗೂ ಇವೆ. ಉತ್ತರ ಬೇಕಿದ್ದರೆ ‘ಆಪ್ಟ್ ಚೇಂಜ್‌ಲಾಗ್’ ಕೊಟ್ಟು, ಆ ದೋಷದ ಸಿವಿಇ ಸಂಖ್ಯೆ (ಬಯಲಾದ ಭದ್ರತಾ ದೋಷಕ್ಕೆ ಕೊಡುವ ಗುರುತು) ಅಲ್ಲಿ ಇದೆಯೇ ಎಂದು ನೋಡಿ.

ಹೊಸದೇ ಬೇಕೆಂಬ ಆತುರಕ್ಕೆ ಇನ್ನೊಂದು ಮುಖವೂ ಇದೆ. 2024ರ ಮಾರ್ಚ್ 29ರಂದು ಪೋಸ್ಟ್‌ಗ್ರೆಸ್‌ಕ್ಯುಎಲ್ ಎಂಬ ಡೇಟಾಬೇಸಿನ ಅಭಿವೃದ್ಧಿಕಾರ ಆಂಡ್ರೆಸ್ ಫ್ರಾಯಿಂಡ್ ಅವರು ಎಕ್ಸ್‌ಜೆಡ್ ಎಂಬ ಕುಗ್ಗಿಸುವ ತಂತ್ರಾಂಶದೊಳಗೆ ಯಾರೋ ಕಳ್ಳಬಾಗಿಲು ಅಡಗಿಸಿದ್ದಾರೆ ಎಂದು ಜಗತ್ತಿಗೆ ತಿಳಿಸಿದರು. ಎಸ್‌ಎಸ್‌ಎಚ್ (ದೂರದಿಂದ ಸರ್ವರ್ ಒಳಹೊಗುವ ವಿಧಾನ) ಲಾಗಿನ್ ಅರ್ಧ ಸೆಕೆಂಡಿನಷ್ಟು ನಿಧಾನವಾದದ್ದನ್ನು ಗಮನಿಸಿ, ಅದರ ಬೆನ್ನುಹತ್ತಿ ಅವರು ಅಲ್ಲಿಗೆ ತಲುಪಿದ್ದರು. ದೋಷವಿದ್ದದ್ದು 5.6.0 ಮತ್ತು 5.6.1 ಆವೃತ್ತಿಗಳಲ್ಲಿ. ಅವು ಡೆಬಿಯನ್‌ನ ಪರೀಕ್ಷಾ ಶಾಖೆಗಳನ್ನು ತಲುಪಿದ್ದವು, ಸ್ಥಿರ ಬಿಡುಗಡೆಯನ್ನು ತಲುಪಿರಲಿಲ್ಲ. ಸರ್ವರ್‌ಗೆ ಸ್ಥಿರ ಬಿಡುಗಡೆಯನ್ನೇ ಹಾಕಿ ಎಂದು ನಾನು ಒತ್ತಿ ಹೇಳುವುದು ಇಂಥ ಕಾರಣಗಳಿಗೆ.

ಹೊರಗಿನ ರೆಪೊಸಿಟರಿ ಸೇರಿಸಬಹುದೇ? ‘ಈ ಒಂದು ಸಾಲು ಕಾಪಿ ಮಾಡಿ ಸಾಕು’ ಎನ್ನುವುದನ್ನು ನಂಬಬಹುದೇ?

ಆ ತಂತ್ರಾಂಶವನ್ನು ಮಾಡುವವರೇ ನಡೆಸುವ ರೆಪೊಸಿಟರಿ ಆಗಿದ್ದು, ನಿಮಗೆ ನಿಜವಾಗಿ ಹೊಸ ಆವೃತ್ತಿ ಬೇಕಿದ್ದರೆ ಸೇರಿಸಿ. ಪೋಸ್ಟ್‌ಗ್ರೆಸ್‌ಕ್ಯುಎಲ್, ಎನ್‌ಜಿನ್‌ಎಕ್ಸ್, ಡಾಕರ್ ಇವರೆಲ್ಲ ತಮ್ಮದೇ ರೆಪೊಸಿಟರಿ ಇಟ್ಟಿದ್ದಾರೆ. ಆದರೆ ಪ್ಯಾಕೇಜ್ ಹಾಕುವಾಗ ಅದರೊಳಗಿನ ಸ್ಕ್ರಿಪ್ಟ್‌ಗಳು ರೂಟ್ ಅಧಿಕಾರದಲ್ಲಿ, ಅಂದರೆ ಯಂತ್ರದ ಪೂರ್ಣ ಅಧಿಕಾರದಲ್ಲಿ, ಓಡುತ್ತವೆ. ಅಂದರೆ ರೆಪೊಸಿಟರಿ ಸೇರಿಸುವುದೆಂದರೆ ಅದನ್ನು ನಡೆಸುವವರಿಗೆ ನಿಮ್ಮ ಸರ್ವರಿನ ರೂಟ್ ಅಧಿಕಾರ ಕೊಟ್ಟಂತೆಯೇ.

ರೆಪೊಸಿಟರಿಯ ಸಹಿಯನ್ನು ಪರೀಕ್ಷಿಸುವ ಕೀಲಿಯನ್ನು ಸೇರಿಸಲು ಹಳೆಯ ಬರಹಗಳು ‘ಆಪ್ಟ್-ಕೀ ಆ್ಯಡ್’ ಮಾಡಲು ಹೇಳುತ್ತವೆ. ಆ ವಿಧಾನವನ್ನು ಕೈಬಿಡಲಾಗಿದೆ, ಕೈಬಿಟ್ಟದ್ದು ಒಳ್ಳೆಯದೇ ಆಯಿತು. ಹಾಗೆ ಸೇರಿಸಿದ ಕೀಲಿಯನ್ನು ಆಪ್ಟ್ ಎಲ್ಲ ರೆಪೊಸಿಟರಿಗಳಿಗೂ ಒಪ್ಪಿಕೊಳ್ಳುತ್ತಿತ್ತು. ಹಾಗಾಗಿ ಯಾರೋ ಒಬ್ಬರ ಕೀಲಿ ಕದ್ದವರು ಡೆಬಿಯನ್ ಹೆಸರಿನಲ್ಲೇ ಪ್ಯಾಕೇಜ್ ನುಗ್ಗಿಸಲು ದಾರಿ ಇತ್ತು. ಈಗ ಕೀಲಿಯನ್ನು ‘/ಈಟಿಸಿ/ಆಪ್ಟ್/ಕೀರಿಂಗ್ಸ್’ ಒಳಗಿಟ್ಟು, ಆ ರೆಪೊಸಿಟರಿಯ ವಿವರದಲ್ಲಿ ‘ಸೈನ್ಡ್-ಬೈ’ ಎಂದು ಅದನ್ನು ಸೂಚಿಸಬೇಕು. ಆ ಕೀಲಿ ಆ ಒಂದು ರೆಪೊಸಿಟರಿಗೆ ಮಾತ್ರ ನಡೆಯುತ್ತದೆ.

ಅಂತರ್ಜಾಲದಿಂದ ಸ್ಕ್ರಿಪ್ಟ್ ತಂದು ನೇರ ‘ಸುಡೊ ಬ್ಯಾಶ್’ಗೆ ಸುರಿಯುವ ಸಾಲುಗಳನ್ನು ಓಡಿಸಬೇಡಿ. ಮೊದಲು ಕಡತವಾಗಿ ಇಳಿಸಿಕೊಂಡು ಓದಿ. ಹಾಗೆ ಬಂದದ್ದು ಡಿಪಿಕೆಜಿಯ ದಾಖಲೆಯಲ್ಲಿ ಇರದಿದ್ದರೆ ಅದನ್ನು ತೆಗೆಯುವ ಕಮಾಂಡೂ ನಿಮ್ಮ ಬಳಿ ಇರುವುದಿಲ್ಲ.

‘ರಿಮೂವ್’, ‘ಪರ್ಜ್’, ‘ಆಟೋರಿಮೂವ್’ ನಡುವಿನ ವ್ಯತ್ಯಾಸವೇನು?

‘ಆಪ್ಟ್ ರಿಮೂವ್’ ಪ್ರೋಗ್ರಾಮ್‌ಗಳನ್ನು ತೆಗೆಯುತ್ತದೆ, ‘/ಈಟಿಸಿ’ಯಲ್ಲಿರುವ ಸಂರಚನೆ ಕಡತಗಳನ್ನು ಬಿಡುತ್ತದೆ. ನಾಳೆ ಮತ್ತೆ ಹಾಕಿದರೆ ನಿಮ್ಮ ಹಳೆಯ ಸಂರಚನೆ ಹಾಗೆಯೇ ಸಿಗಲಿ ಎಂಬ ಉದ್ದೇಶ. ಇಂಥವು ‘ಡಿಪಿಕೆಜಿ -ಎಲ್’ ಪಟ್ಟಿಯಲ್ಲಿ, ಸಣ್ಣ ಎಲ್ ಕೊಟ್ಟಾಗ, ‘ಆರ್‌ಸಿ’ ಗುರುತಿನೊಂದಿಗೆ ಕಾಣುತ್ತವೆ. ಸರಿಯಾಗಿ ಸ್ಥಾಪನೆಯಾಗಿರುವುದಕ್ಕೆ ‘ಐಐ’ ಗುರುತು.

‘ಆಪ್ಟ್ ಪರ್ಜ್’ ಸಂರಚನೆಯನ್ನೂ ಅಳಿಸುತ್ತದೆ. ಎಷ್ಟೋ ಪ್ಯಾಕೇಜ್‌ಗಳು ಪರ್ಜ್ ವೇಳೆಯಲ್ಲಿ ತಮ್ಮ ಡೈರೆಕ್ಟರಿಯನ್ನೇ ಪೂರ್ತಿ ಅಳಿಸುತ್ತವೆ. ಪ್ಯಾಕೇಜ್ ತಂದ ಕಡತಗಳ ಜೊತೆಗೆ, ಅದೇ ಡೈರೆಕ್ಟರಿಯಲ್ಲಿ ನೀವು ಕೈಯಾರೆ ಬರೆದ ಸೈಟ್ ಸಂರಚನೆಗಳೂ, ‘/ವಾರ್/ಲಾಗ್’ನಲ್ಲಿರುವ ಅದರ ಲಾಗ್‌ಗಳೂ ಹೋಗುತ್ತವೆ ಎಂದುಕೊಂಡೇ ಪರ್ಜ್ ಮಾಡಿ. ಅದಕ್ಕೆ ಮೊದಲು ‘/ಈಟಿಸಿ’ಯಲ್ಲಿರುವ ಆ ಡೈರೆಕ್ಟರಿಯನ್ನು ಟಾರ್ ಮಾಡಿ (ಒಂದೇ ಕಡತವಾಗಿ ಕಟ್ಟಿ) ಬೇರೆಡೆ ಇಡಿ. ಅದಕ್ಕೆ ಹಿಡಿಯುವುದು ಕೆಲವೇ ಕಿಲೋಬೈಟ್.

ಎನ್‌ಜಿನ್‌ಎಕ್ಸ್ ಪರ್ಜ್ ಮಾಡಿದ ಮೇಲೂ ‘/ಈಟಿಸಿ/ಎನ್‌ಜಿನ್‌ಎಕ್ಸ್’ ಹಾಗೆಯೇ ಇದೆ ಎಂದು ಹಲವರು ಕೇಳುತ್ತಾರೆ. ಆ ಕಡತಗಳು ‘ಎನ್‌ಜಿನ್‌ಎಕ್ಸ್-ಕಾಮನ್’ ಎಂಬ ಬೇರೆ ಪ್ಯಾಕೇಜಿನವು. ಅದನ್ನೂ ಹೆಸರಿಸಿ ಪರ್ಜ್ ಮಾಡಬೇಕು.

ಇನ್ನೊಂದು ಬಲೆ ಇದೆ. ಸಂರಚನೆ ಕೆಟ್ಟಿತೆಂದು ‘/ಈಟಿಸಿ’ಯ ಕಡತವನ್ನು ಕೈಯಿಂದ ಅಳಿಸಿ, ಪ್ಯಾಕೇಜನ್ನು ಮತ್ತೆ ಹಾಕಿದರೆ ಹೊಸ ಕಡತ ಬರುವುದಿಲ್ಲ. ನೀವು ಅಳಿಸಿದ್ದೂ ಒಂದು ತೀರ್ಮಾನ ಎಂದು ಡಿಪಿಕೆಜಿ ಭಾವಿಸಿ ಅದನ್ನು ಗೌರವಿಸುತ್ತದೆ. ಮೂಲ ಕಡತ ಬೇಕಿದ್ದರೆ ಪರ್ಜ್ ಮಾಡಿ ಹಾಕಬೇಕು, ಅಥವಾ ಡಿಪಿಕೆಜಿಗೆ ‘ಫೋರ್ಸ್-ಕಾನ್ಫ್‌ಮಿಸ್’ ಆಯ್ಕೆ ಕೊಡಬೇಕು.

‘ಆಟೋರಿಮೂವ್’ ಕೆಲಸವೇ ಬೇರೆ. ಪ್ರತಿ ಪ್ಯಾಕೇಜ್ ನೀವು ಕೇಳಿ ಬಂದದ್ದೇ, ಇನ್ನೊಂದರ ಅವಲಂಬನೆಯಾಗಿ ಬಂದದ್ದೇ ಎಂದು ಆಪ್ಟ್ ಗುರುತಿಟ್ಟುಕೊಂಡಿರುತ್ತದೆ. ಅವಲಂಬನೆಯಾಗಿ ಬಂದು ಈಗ ಯಾರಿಗೂ ಬೇಡವಾದವನ್ನು ಆಟೋರಿಮೂವ್ ತೆಗೆಯುತ್ತದೆ. ‘ಯಾರಿಗೂ’ ಎಂದರೆ ಇಲ್ಲಿ ಬೇರೆ ಯಾವ ಪ್ಯಾಕೇಜಿಗೂ ಎಂದಷ್ಟೇ ಅರ್ಥ. ನಿಮ್ಮ ಸ್ವಂತ ಸ್ಕ್ರಿಪ್ಟ್, ನೀವು ಮೂಲದಿಂದ ಕಂಪೈಲ್ ಮಾಡಿದ ಅಪ್ಲಿಕೇಶನ್ ಒಂದು ಲೈಬ್ರರಿಯನ್ನು ಬಳಸುತ್ತಿದ್ದರೆ ಅದು ಆಪ್ಟ್‌ಗೆ ತಿಳಿಯದು. ಪಟ್ಟಿಯಲ್ಲಿ ಬೇಕಾದದ್ದು ಕಂಡರೆ ‘ಆಪ್ಟ್-ಮಾರ್ಕ್ ಮ್ಯಾನ್ಯುಯಲ್’ ಎಂದು ಅದರ ಹೆಸರು ಕೊಟ್ಟು ಕಾಪಾಡಿಕೊಳ್ಳಿ.

ಡೇಟಾಬೇಸ್ ಪ್ಯಾಕೇಜ್ ತೆಗೆದರೆ ಡೇಟಾ ಹೋಗುತ್ತದೆಯೇ?

ರಿಮೂವ್ ಮಾಡಿದರೆ ಹೋಗುವುದಿಲ್ಲ. ಪರ್ಜ್ ಮಾಡಿದರೆ ಹೋಗಬಹುದು. ಮರಿಯಾಡಿಬಿಯ ಡೇಟಾ ‘/ವಾರ್/ಲಿಬ್/ಮೈಎಸ್‌ಕ್ಯುಎಲ್’ನಲ್ಲಿ, ಪೋಸ್ಟ್‌ಗ್ರೆಸ್‌ಕ್ಯುಎಲ್‌ನದ್ದು ‘/ವಾರ್/ಲಿಬ್/ಪೋಸ್ಟ್‌ಗ್ರೆಸ್‌ಕ್ಯುಎಲ್’ನಲ್ಲಿ ಇರುತ್ತದೆ. ಪರ್ಜ್ ಮಾಡುವಾಗ ಡೇಟಾವನ್ನೂ ಅಳಿಸಬೇಕೇ ಎಂದು ಒಂದು ಪರದೆ ಮೂಡಿ ಕೇಳುತ್ತದೆ. ಆ ಪ್ರಶ್ನೆಗೆ ‘ಹೌದು’ ಎಂದ ಮೇಲೆ ಹಿಂದಕ್ಕೆ ತರುವ ದಾರಿ ಇಲ್ಲ.

ಆ ಪ್ರಶ್ನೆಯನ್ನು ನಂಬಿಕೊಂಡು ಕೂರಬೇಡಿ. ಶಾಲೆಯ ಹಾಜರಿ ಇರಲಿ, ಸಹಕಾರ ಸಂಘದ ಸಾಲದ ಖಾತೆ ಇರಲಿ, ಆ ಡೈರೆಕ್ಟರಿಯೊಳಗೆ ಇರುವುದು ಯಾರದ್ದೋ ವರ್ಷಗಳ ಕೆಲಸ. ಪರ್ಜ್‌ಗೆ ಮೊದಲು ಪೋಸ್ಟ್‌ಗ್ರೆಸ್ ಆದರೆ ‘ಪಿಜಿ_ಡಂಪ್‌ಆಲ್’, ಮರಿಯಾಡಿಬಿ ಆದರೆ ‘ಮರಿಯಾಡಿಬಿ-ಡಂಪ್ --ಆಲ್-ಡೇಟಾಬೇಸಸ್’ ಓಡಿಸಿ. ಹೀಗೆ ಸಿಗುವ ಡೇಟಾದ ಪ್ರತಿಯೇ ಡಂಪ್, ಅದನ್ನು ಬೇರೆ ಯಂತ್ರಕ್ಕೆ ಸಾಗಿಸಿ. ಅಲ್ಲಿ ಒಮ್ಮೆ ಅದನ್ನು ತುಂಬಿ ನೋಡಿ, ಟೇಬಲ್‌ಗಳಲ್ಲಿ ಸಾಲುಗಳು ಇವೆಯೇ ಎಂದು ಎಣಿಸಿ. ತುಂಬಿ ನೋಡದ ಡಂಪನ್ನು ನಾನು ಬ್ಯಾಕಪ್ ಎಂದು ಒಪ್ಪುವುದಿಲ್ಲ.

ಪ್ಯಾಕೇಜ್‌ಗಳು ಸೃಷ್ಟಿಸಿದ ಬಳಕೆದಾರ ಖಾತೆಗಳು ಪರ್ಜ್ ನಂತರವೂ ಉಳಿಯುವುದುಂಟು. ಅವುಗಳ ಒಡೆತನದ ಕಡತಗಳು ಎಲ್ಲಾದರೂ ಇರಬಹುದಾದ್ದರಿಂದ ಖಾತೆಯನ್ನು ಆತುರದಿಂದ ಅಳಿಸಬೇಡಿ.

‘ಪೋಸ್ಟ್‌ಗ್ರೆಸ್‌ಕ್ಯುಎಲ್’ ಪ್ಯಾಕೇಜ್ ತೆಗೆದೆ. ಆದರೂ ಡೇಟಾಬೇಸ್ ಓಡುತ್ತಲೇ ಇದೆ!

ನೀವು ತೆಗೆದದ್ದು ಮೆಟಾಪ್ಯಾಕೇಜ್. ಅದರ ಕೆಲಸ ಆ ಬಿಡುಗಡೆಗೆ ತಕ್ಕ ನಿಜವಾದ ಪ್ಯಾಕೇಜನ್ನು ಎಳೆದು ತರುವುದು: ಡೆಬಿಯನ್ 12ರಲ್ಲಿ ‘ಪೋಸ್ಟ್‌ಗ್ರೆಸ್‌ಕ್ಯುಎಲ್-15’, 13ರಲ್ಲಿ ‘ಪೋಸ್ಟ್‌ಗ್ರೆಸ್‌ಕ್ಯುಎಲ್-17’. ಸಂಖ್ಯೆಯಿರುವ ಪ್ಯಾಕೇಜ್ ಇರುವವರೆಗೂ ಡೇಟಾಬೇಸ್ ಇರುತ್ತದೆ.

ಬಿಡುಗಡೆ ಬದಲಾದಾಗ ಹಳೆಯ ಆವೃತ್ತಿ 5432ನೇ ಪೋರ್ಟಿನಲ್ಲೂ ಹೊಸ ಖಾಲಿ ಆವೃತ್ತಿ 5433ರಲ್ಲೂ ಅಕ್ಕಪಕ್ಕ ಓಡುವುದು ಸಾಮಾನ್ಯ. ‘ಪಿಜಿ_ಎಲ್‌ಎಸ್‌ಕ್ಲಸ್ಟರ್ಸ್’ ಎರಡನ್ನೂ ತೋರಿಸುತ್ತದೆ. ಡೇಟಾ ತಾನಾಗಿ ಸ್ಥಳಾಂತರವಾಗಿರುವುದಿಲ್ಲ. ಹೊಸದು ಓಡುತ್ತಿದೆ ಎಂದು ನೋಡಿ ಹಳೆಯದನ್ನು ಪರ್ಜ್ ಮಾಡಿದರೆ ಉಳಿಯುವುದು ಖಾಲಿ ಡೇಟಾಬೇಸ್ ಮಾತ್ರ.

ಒಂದು ಪ್ಯಾಕೇಜ್ ತೆಗೆಯಲು ಹೋದರೆ ನೂರಾರು ಹೋಗುತ್ತವೆ ಎನ್ನುತ್ತಿದೆ. ಮುಂದುವರಿಯಲೇ?

ಬೇಡ. ಎನ್ ಒತ್ತಿ ಹೊರಬನ್ನಿ. ನೀವು ತೆಗೆಯ ಹೊರಟದ್ದನ್ನು ಅವೆಲ್ಲ ಅವಲಂಬಿಸಿವೆ ಎಂದು ಆಪ್ಟ್ ಹೇಳುತ್ತಿದೆ. ಇದರ ಪ್ರಸಿದ್ಧ ಉದಾಹರಣೆ ಪೈಥಾನ್ 3. ಹೊಸ ಪೈಥಾನ್ ಬೇಕೆಂದು ವ್ಯವಸ್ಥೆಯ ಪೈಥಾನ್ ತೆಗೆಯಲು ಹೋದರೆ ಉಬುಂಟುವಿನ ಎಷ್ಟೋ ಉಪಕರಣಗಳು ಜೊತೆಗೇ ಹೊರಡುತ್ತವೆ. ವ್ಯವಸ್ಥೆಯದ್ದನ್ನು ಹಾಗೆಯೇ ಬಿಟ್ಟು ನಿಮ್ಮ ಕೆಲಸಕ್ಕೆ ವರ್ಚುವಲ್ ಎನ್ವಿರಾನ್‌ಮೆಂಟ್ ಮಾಡಿಕೊಳ್ಳಿ.

ಮುಂಚಿತವಾಗಿ ತಿಳಿಯಲು ‘ಆಪ್ಟ್ -ಎಸ್ ರಿಮೂವ್’ ಕೊಡಿ, ಇಲ್ಲಿ ಸಣ್ಣ ಎಸ್. ಏನಾಗುತ್ತದೆ ಎಂದು ತೋರಿಸುತ್ತದೆ, ಏನನ್ನೂ ಮಾಡುವುದಿಲ್ಲ. ನಕ್ಷತ್ರ ಚಿಹ್ನೆ ಹಾಕಿ ‘ಪಿಎಚ್‌ಪಿ ಎಂದು ಶುರುವಾಗುವುದೆಲ್ಲ’ ಎಂಬಂಥ ಕಮಾಂಡ್‌ಗಳಿಗೆ ‘-ವೈ’ ಸೇರಿಸಲೇ ಬೇಡಿ. ತೆಗೆಯುವ ಕೆಲಸಕ್ಕೆ ‘-ವೈ’ ಬಳಸಬಾರದು ಎಂಬುದು ನನ್ನ ಕಟ್ಟುನಿಟ್ಟಾದ ನಿಯಮ. ಓಪನ್‌ಎಸ್‌ಎಸ್‌ಎಚ್-ಸರ್ವರ್ ಆ ಪಟ್ಟಿಯಲ್ಲಿ ಇದೆಯೇ ಎಂದು ವಿಶೇಷವಾಗಿ ನೋಡಿ. ಅದು ಹೋದರೆ ಹಾಲಿ ಸೆಷನ್ ಉಳಿದಿದ್ದರೂ ಮತ್ತೆ ಒಳಬರಲು ಹೋಸ್ಟಿಂಗ್ ಕಂಪನಿಯ ಕನ್ಸೋಲ್ ಹುಡುಕಬೇಕಾಗುತ್ತದೆ.

‘ಲಾಕ್ ಸಿಗಲಿಲ್ಲ’ ಎಂದು ದೋಷ ಬರುತ್ತಿದೆ. ಲಾಕ್ ಕಡತ ಅಳಿಸಲೇ?

ಅಳಿಸಬೇಡಿ. ಇನ್ನೊಂದು ಪ್ರಕ್ರಿಯೆ ಈಗ ಪ್ಯಾಕೇಜ್ ದಾಖಲೆಯನ್ನು ಬರೆಯುತ್ತಿದೆ ಎಂದರ್ಥ. ಬಹುತೇಕ ಅದು ‘ಅನ್‌ಅಟೆಂಡೆಡ್-ಅಪ್‌ಗ್ರೇಡ್ಸ್’, ಅಂದರೆ ಭದ್ರತಾ ತಿದ್ದುಪಡಿಗಳನ್ನು ತಾನಾಗಿ ಹಾಕುವ ಸೇವೆ. ಹೊಸದಾಗಿ ಎಬ್ಬಿಸಿದ ಉಬುಂಟು ಸರ್ವರಿನಲ್ಲಿ ಮೊದಲ ಕೆಲವು ನಿಮಿಷ ಇದು ಸಾಮಾನ್ಯ. ದೋಷದ ಸಾಲಿನಲ್ಲೇ ಪ್ರಕ್ರಿಯೆಯ ಸಂಖ್ಯೆ ಇರುತ್ತದೆ, ‘ಪಿಎಸ್’ ಕೊಟ್ಟು ಅದು ಯಾರೆಂದು ನೋಡಿ, ಕಾಯಿರಿ. ಲಾಕ್ ಅಳಿಸಿ ನುಗ್ಗಿದರೆ ಇಬ್ಬರೂ ಒಟ್ಟಿಗೆ ಬರೆದು ದಾಖಲೆ ಕೆಡಬಹುದು.

ಅಪ್‌ಗ್ರೇಡ್ ನಡುವೆ ಸಂಪರ್ಕ ಕಡಿದುಹೋಯಿತು. ಈಗ ಏನು ಮಾಡಲಿ?

‘ಡಿಪಿಕೆಜಿ --ಕಾನ್ಫಿಗರ್ -ಎ’ ಕೊಡಿ. ಅರ್ಧಕ್ಕೆ ನಿಂತದ್ದೆಲ್ಲ ಪೂರ್ಣವಾಗುತ್ತದೆ. ಆಮೇಲೆ ‘ಆಪ್ಟ್ --ಫಿಕ್ಸ್-ಬ್ರೋಕನ್ ಇನ್‌ಸ್ಟಾಲ್’. ನೂರಕ್ಕೆ ತೊಂಬತ್ತು ಪಾಲು ಇಷ್ಟರಲ್ಲೇ ಸರಿಹೋಗುತ್ತದೆ.

ಮುಂದಿನ ಸಲ ಟಿಮಕ್ಸ್ ಅಥವಾ ಸ್ಕ್ರೀನ್ ಒಳಗೆ ಅಪ್‌ಗ್ರೇಡ್ ಮಾಡಿ. ಕರೆಂಟ್ ಹೋಗಿ ಮನೆಯ ವೈಫೈ ಆರಿದರೂ, ಮೊಬೈಲ್ ಹಾಟ್‌ಸ್ಪಾಟ್ ಕೈಕೊಟ್ಟರೂ ಸರ್ವರಿನೊಳಗೆ ಕೆಲಸ ಸಾಗುತ್ತಿರುತ್ತದೆ. ಉಬುಂಟುವಿನ ‘ಡು-ರಿಲೀಸ್-ಅಪ್‌ಗ್ರೇಡ್’ ಇದೇ ಭಯದಿಂದ ಎಸ್‌ಎಸ್‌ಎಚ್ ಮೂಲಕ ಓಡಿಸಿದಾಗ 1022ನೇ ಪೋರ್ಟಿನಲ್ಲಿ ಇನ್ನೊಂದು ಎಸ್‌ಎಸ್‌ಎಚ್ ಸೇವೆಯನ್ನು ತೆರೆದಿಡುತ್ತದೆ. ಫೈರ್‌ವಾಲ್‌ನಲ್ಲಿ ಆ ಪೋರ್ಟಿಗೆ ತಾತ್ಕಾಲಿಕವಾಗಿ ದಾರಿ ಬಿಡುವುದನ್ನು ಮರೆಯಬೇಡಿ.

ಸಂರಚನೆ ಕಡತ ಬದಲಾಗಿದೆ, ಯಾವುದನ್ನು ಇಟ್ಟುಕೊಳ್ಳಲಿ ಎಂದು ಕೇಳುತ್ತಿದೆ.

ನೀವು ತಿದ್ದಿದ ಕಡತಕ್ಕೆ ಪ್ಯಾಕೇಜ್ ಕೂಡ ಹೊಸ ರೂಪ ತಂದಾಗ ಈ ಪ್ರಶ್ನೆ ಬರುತ್ತದೆ. ಮೊದಲು ಡಿ ಒತ್ತಿ ವ್ಯತ್ಯಾಸ ನೋಡಿ. ಎನ್ ಒತ್ತಿದರೆ ನಿಮ್ಮದು ಉಳಿಯುತ್ತದೆ, ಹೊಸದು ಪಕ್ಕದಲ್ಲಿ ‘.ಡಿಪಿಕೆಜಿ-ಡಿಸ್ಟ್’ ಎಂಬ ಬಾಲದೊಂದಿಗೆ ಕೂರುತ್ತದೆ. ವೈ ಒತ್ತಿದರೆ ಹೊಸದು ಬಂದು, ನಿಮ್ಮದು ‘.ಡಿಪಿಕೆಜಿ-ಓಲ್ಡ್’ ಆಗುತ್ತದೆ. ಎಂಟರ್ ಒತ್ತಿದರೆ ನಿಮ್ಮದೇ ಉಳಿಯುತ್ತದೆ. ಅನುಮಾನವಿದ್ದರೆ ನಿಮ್ಮದನ್ನು ಉಳಿಸಿಕೊಂಡು, ಕೆಲಸ ಮುಗಿದ ಮೇಲೆ ಎರಡನ್ನೂ ಅಕ್ಕಪಕ್ಕ ಇಟ್ಟು ಓದಿ. ಎಸ್‌ಎಸ್‌ಎಚ್ ಸಂರಚನೆಯ ವಿಷಯದಲ್ಲಂತೂ ಕಣ್ಣುಮುಚ್ಚಿ ಹೊಸದನ್ನು ಒಪ್ಪಬೇಡಿ, ನೀವು ಬದಲಿಸಿಟ್ಟ ಪೋರ್ಟ್ ಸಂಖ್ಯೆ ಅದರಲ್ಲಿ ಇರುವುದಿಲ್ಲ.

ಒಂದು ಪ್ಯಾಕೇಜ್ ಮಾತ್ರ ಅಪ್‌ಗ್ರೇಡ್ ಆಗದಂತೆ ತಡೆಯಬಹುದೇ?

‘ಆಪ್ಟ್-ಮಾರ್ಕ್ ಹೋಲ್ಡ್’. ಬಿಡಿಸಲು ‘ಅನ್‌ಹೋಲ್ಡ್’. ತಡೆದದ್ದಕ್ಕೆ ಭದ್ರತಾ ತಿದ್ದುಪಡಿಯೂ ಬರುವುದಿಲ್ಲ, ಹಾಗಾಗಿ ಬಿಡಿಸುವ ದಿನಾಂಕವನ್ನು ಅಂದೇ ಗುರುತು ಹಾಕಿಕೊಳ್ಳಿ.

ಈ ಸರ್ವರಿನಲ್ಲಿ ಯಾರು, ಯಾವಾಗ, ಏನು ಹಾಕಿದರು ಎಂದು ತಿಳಿಯುವುದು ಹೇಗೆ?

‘/ವಾರ್/ಲಾಗ್/ಆಪ್ಟ್/ಹಿಸ್ಟರಿ.ಲಾಗ್’ ತೆರೆಯಿರಿ. ಕಮಾಂಡ್, ಸಮಯ, ಸುಡೊ ಬಳಸಿದವರ ಹೆಸರು, ಬಂದ ಹೋದ ಪ್ಯಾಕೇಜ್‌ಗಳು ಎಲ್ಲ ಅಲ್ಲಿವೆ. ಹಳೆಯವು ಪಕ್ಕದಲ್ಲೇ ಜಿಜಿಪ್ ಆಗಿರುತ್ತವೆ. ತಪ್ಪಾಗಿ ತೆಗೆದದ್ದನ್ನು ಹಿಂದಕ್ಕೆ ತರಬೇಕಾದಾಗ ಆ ದಿನದ ‘ರಿಮೂವ್’ ಸಾಲಿನಲ್ಲಿರುವ ಹೆಸರುಗಳನ್ನೇ ‘ಆಪ್ಟ್ ಇನ್‌ಸ್ಟಾಲ್’ಗೆ ಕೊಡಬಹುದು. ಬೇರೆಯವರಿಂದ ಸರ್ವರ್ ವಹಿಸಿಕೊಂಡಾಗ ನಾನು ಮೊದಲು ಓದುವುದು ಈ ಕಡತ, ಆಮೇಲೆ ‘ಆಪ್ಟ್-ಮಾರ್ಕ್ ಶೋಮ್ಯಾನ್ಯುಯಲ್’ ಕೊಡುವ ಪಟ್ಟಿ.

ಡಿಸ್ಕ್ ತುಂಬಿದೆ. ಪ್ಯಾಕೇಜ್ ಕಡೆಯಿಂದ ಎಷ್ಟು ಜಾಗ ಬಿಡಿಸಬಹುದು?

‘ಆಪ್ಟ್ ಕ್ಲೀನ್’ ಇಳಿಸಿಟ್ಟ ಪ್ಯಾಕೇಜ್ ಕಡತಗಳನ್ನು ಅಳಿಸುತ್ತದೆ, ಯಾವ ಅಪಾಯವೂ ಇಲ್ಲ. ‘/ಬೂಟ್’ ತುಂಬಿದ್ದರೆ ಹಳೆಯ ಕರ್ನಲ್‌ಗಳು ಕಾರಣ, ಆಟೋರಿಮೂವ್ ಅವನ್ನು ತೆಗೆಯುತ್ತದೆ. ‘/ಬೂಟ್’ನಲ್ಲಿರುವ ಕಡತಗಳನ್ನು ‘ಆರ್‌ಎಂ’ ಮಾಡಬೇಡಿ.

ನಮ್ಮಲ್ಲಿ ರಾಕಿ ಅಥವಾ ಆಲ್ಮಾಲಿನಕ್ಸ್ ಇದೆ. ಇದೆಲ್ಲ ಅನ್ವಯಿಸುತ್ತದೆಯೇ?

ಇವು ಬೇರೊಂದು ಬಳಗದ ಲಿನಕ್ಸ್‌ಗಳು. ತತ್ತ್ವ ಒಂದೇ, ಕಮಾಂಡ್ ‘ಡಿಎನ್‌ಎಫ್’. ಮೂರು ವ್ಯತ್ಯಾಸ ನೆನಪಿಡಿ. ಅಲ್ಲಿ ಸರ್ವಿಸ್ ತಾನಾಗಿ ಶುರುವಾಗುವುದಿಲ್ಲ, ‘ಸಿಸ್ಟಮ್‌ಸಿಟಿಎಲ್ ಎನೇಬಲ್ --ನೌ’ ಕೊಡಬೇಕು. ‘ಡಿಎನ್‌ಎಫ್ ರಿಮೂವ್’ ಬೇಡವಾದ ಅವಲಂಬನೆಗಳನ್ನೂ ಆಗಲೇ ತೆಗೆಯುತ್ತದೆ. ಪರ್ಜ್ ಎಂಬುದಿಲ್ಲ: ನೀವು ತಿದ್ದಿದ ಸಂರಚನೆ ಕಡತ ‘.ಆರ್‌ಪಿಎಂಸೇವ್’ ಬಾಲದೊಂದಿಗೆ ಉಳಿಯುತ್ತದೆ. ಅಪಾಚೆಗೆ ಅಲ್ಲಿ ‘ಎಚ್‌ಟಿಟಿಪಿಡಿ’ ಎಂದು ಹೆಸರು. ‘ಡಿಎನ್‌ಎಫ್ ಹಿಸ್ಟರಿ ಅಂಡು’ ಒಂದು ವ್ಯವಹಾರವನ್ನು ಪೂರ್ತಿ ಹಿಂದಕ್ಕೆ ತಿರುಗಿಸಲು ಯತ್ನಿಸುತ್ತದೆ, ಬಹಳ ಒಳ್ಳೆಯ ಅನುಕೂಲ ಅದು. ಡೇಟಾವನ್ನು ಮಾತ್ರ ಅದು ಹಿಂದಕ್ಕೆ ತರುವುದಿಲ್ಲ.

‘ಆಪ್ಟ್ ಅಪ್‌ಡೇಟ್’ ಕೊಟ್ಟರೆ ರೆಪೊಸಿಟರಿಯೇ ಇಲ್ಲ ಎನ್ನುತ್ತದೆ. ಏನಾಯಿತು?

ನಿಮ್ಮ ಬಿಡುಗಡೆಯ ಆಯಸ್ಸು ಮುಗಿದಿರಬಹುದು. ಉಬುಂಟು ಎಲ್‌ಟಿಎಸ್‌ಗೆ ಸಾಮಾನ್ಯ ಬೆಂಬಲ ಐದು ವರ್ಷ, ನಡುವಿನ ಬಿಡುಗಡೆಗಳಿಗೆ ಒಂಬತ್ತೇ ತಿಂಗಳು. 20.04ರ ಸಾಮಾನ್ಯ ಬೆಂಬಲ 2025ರ ಮೇ ತಿಂಗಳಲ್ಲಿ ಮುಗಿಯಿತು. ರಾಕಿಯ ಬಳಗದ ಸೆಂಟ್‌ಒಎಸ್ 7ರದ್ದು 2024ರ ಜೂನ್ 30ಕ್ಕೆ. ಕಾಲ ಮುಗಿದ ಬಿಡುಗಡೆಗಳ ಪ್ಯಾಕೇಜ್‌ಗಳನ್ನು ಕೊನೆಗೊಂದು ದಿನ ಮುಖ್ಯ ಸರ್ವರ್‌ಗಳಿಂದ ಸಂಗ್ರಹ ಸರ್ವರ್‌ಗಳಿಗೆ ಸಾಗಿಸುತ್ತಾರೆ. ವಿಳಾಸ ಬದಲಿಸಿ ಅಲ್ಲಿಂದ ತಂದರೆ ಪ್ಯಾಕೇಜ್ ಬರುತ್ತದೆ, ಭದ್ರತಾ ತಿದ್ದುಪಡಿ ಬರುವುದಿಲ್ಲ.

ಹಾಗಾಗಿ ಆ ವಿಳಾಸವನ್ನು ಒಂದೇ ಕೆಲಸಕ್ಕೆ ಬಳಸಿ: ಮುಂದಿನ ಬಿಡುಗಡೆಗೆ ದಾಟಲು ಬೇಕಾದಷ್ಟು ಪ್ಯಾಕೇಜ್ ತರಲು. ಎಲ್‌ಟಿಎಸ್‌ಗಳನ್ನು ಹಾರಿ ದಾಟಲು ಬರುವುದಿಲ್ಲ. 20.04ರಿಂದ 22.04ಕ್ಕೆ, ಅಲ್ಲಿಂದ 24.04ಕ್ಕೆ ಹೋಗಬೇಕು, ಡೆಬಿಯನ್‌ನಲ್ಲೂ ಹೀಗೆಯೇ ಒಂದೊಂದೇ ಮೆಟ್ಟಿಲು. ಎರಡು ಮೂರು ಬಿಡುಗಡೆಗಳಷ್ಟು ಹಿಂದೆ ಬಿದ್ದಿದ್ದರೆ ಹೊಸ ಸರ್ವರ್ ಎಬ್ಬಿಸಿ, ಶೋಮ್ಯಾನ್ಯುಯಲ್ ಪಟ್ಟಿ ನೋಡಿ ಬೇಕಾದ ಪ್ಯಾಕೇಜ್‌ಗಳನ್ನಷ್ಟೇ ಹಾಕಿ, ಡಂಪನ್ನು ಅಲ್ಲಿ ತುಂಬುವುದು ಹೆಚ್ಚು ಸುರಕ್ಷಿತ. ಹಳೆಯದನ್ನು ಹೊರಗಿನಿಂದ ಯಾರೂ ತಲುಪದಂತೆ ಫೈರ್‌ವಾಲ್‌ನಲ್ಲಿ ಮುಚ್ಚಿ, ಹೊಸದರಲ್ಲಿ ತಿಂಗಳ ಕೊನೆಯ ಲೆಕ್ಕ ಒಮ್ಮೆ ಸರಿಯಾಗಿ ಮುಗಿಯುವವರೆಗೂ ಅಳಿಸದೆ ಇಟ್ಟುಕೊಳ್ಳಿ.